ಉದ್ದಗಾಲಿನ ನೊಣಗಳ ಉಪಕುಟುಂಬ ಗುರುತಿಸಲು ಎಲ್ಲಿಂದ ಶುರುಮಾಡಬೇಕು?

ಪ್ರಶ್ನೆ: ಬೆಂಗಳೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳ ಜೊತೆ ಅಂಡಮಾನಿಗೆ ಹೋಗಿದ್ದಾಗ ತೆಗೆದ, ಉದ್ದಗಾಲಿನ ನೊಣಗಳ, ಅಂದರೆ ಡಾಲಿಕೋಪೋಡಿಡೇ ಕುಟುಂಬದ, ನಾಲ್ಕು ನೊಣಗಳ ಚಿತ್ರ ಕಳಿಸಿದ್ದೇನೆ. ಮೊದಲನೆಯದು ಎಲೆಯ ಮೇಲೆ ಕೂತ ಹಸಿರು ನೊಣ, ರೆಕ್ಕೆಯಲ್ಲಿ ಕಂದು ಪಟ್ಟೆ. ಎರಡನೆಯದು ತೊರೆಯ ಪಕ್ಕದ ಗಿಡದಲ್ಲಿತ್ತು, ನೋಡಲು ಹೆಚ್ಚುಕಡಿಮೆ ಮೊದಲನೆಯದರ ಹಾಗೇ ಇದೆ. ಮೂರನೆಯದು ಮರದ ಕಾಂಡದ ಮೇಲೆ, ನಾಲ್ಕನೆಯದು ಮ್ಯಾಂಗ್ರೋವ್ ಕೆಸರಿನಲ್ಲಿ. ಎಲ್ಲದಕ್ಕೂ ಉದ್ದ ಕಾಲು, ಮೈಮೇಲೆ ಹೊಳಪು. ಹಾಗಾಗಿ ನಾಲ್ಕನ್ನೂ ಸಯಾಪೋಡಿನೇ ಉಪಕುಟುಂಬ ಎಂದು ಬರೆದುಕೊಂಡೆ. ಆಮೇಲೆ ಯುರೋಪಿನ ನೊಣಗಳಿಗಾಗಿ ಮಾಡಿದ ಗುರುತಿನ ಕೀ (ಲಕ್ಷಣ ನೋಡುತ್ತಾ ಹಂತಹಂತವಾಗಿ ಹೆಸರಿಗೆ ತಲುಪಿಸುವ ಪಟ್ಟಿ) ಹಿಡಿದು ಕೂತರೆ ಒಂದೊಂದಕ್ಕೂ ಒಂದೊಂದು ಉತ್ತರ ಬಂತು, ಎರಡು ಕಡೆ ದಾರಿಯೇ ಮುಚ್ಚಿಹೋಯಿತು. ಉಷ್ಣವಲಯದ ದ್ವೀಪದ ನೊಣಗಳನ್ನು ಉಪಕುಟುಂಬದ ಮಟ್ಟಿಗೆ ಗುರುತಿಸಲು ಏನನ್ನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು?

ಉತ್ತರ: ಮೇಡಂ, ನಾಲ್ಕೂ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ಸಯಾಪೋಡಿನೇ ಇರುವುದು ಒಂದೇ, ನಿಮ್ಮ ಮೊದಲ ಚಿತ್ರ. ಎರಡನೆಯದು ಡಾಲಿಕೋಪೋಡಿನೇ, ಮೂರನೆಯದು ಮೆಡೆಟೆರಿನೇ, ನಾಲ್ಕನೆಯದು ಹೈಡ್ರೋಫೊರಿನೇ. ಮೊದಲ ಎರಡಕ್ಕೆ ಚಿತ್ರವೇ ಸಾಕಷ್ಟು ಸಾಕ್ಷಿ ಕೊಡುತ್ತದೆ. ಮೂರನೆಯದಕ್ಕೆ ಇನ್ನೊಂದು ಲಕ್ಷಣ ಕಾಣಬೇಕು, ಅದು ಯಾವುದೆಂದು ಮುಂದೆ ಹೇಳುತ್ತೇನೆ.

ನೀವು ಹಿಡಿದ ಎರಡು ಗುರುತುಗಳು, ಉದ್ದ ಕಾಲು ಮತ್ತು ಲೋಹದ ಹೊಳಪು, ಇಡೀ ಕುಟುಂಬಕ್ಕೆ ಸೇರಿದ ಆಸ್ತಿ. ಜಗತ್ತಿನಲ್ಲಿ ಈ ಕುಟುಂಬದ 7,000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಟ್ಟಿದ್ದಾರೆ. ಅವುಗಳಲ್ಲಿ ಬಹುಪಾಲು ಹಸಿರು, ನೀಲಿ ಅಥವಾ ತಾಮ್ರದ ಬಣ್ಣದಲ್ಲಿ ಮಿಂಚುತ್ತವೆ. ಹೀಗಿರುವಾಗ ಬಣ್ಣ ನಿಮಗೆ ಕುಟುಂಬದ ಬಾಗಿಲವರೆಗೆ ದಾರಿ ತೋರಿಸುತ್ತದೆ, ಒಳಗೆ ಯಾವ ಕೋಣೆಗೆ ಹೋಗಬೇಕೆಂದು ಹೇಳುವುದಿಲ್ಲ.

ಇನ್ನೊಂದು ವಿಷಯವನ್ನು ನಿಮ್ಮ ವಿದ್ಯಾರ್ಥಿಗಳಿಗೆ ಮೊದಲ ತರಗತಿಯಲ್ಲೇ ಹೇಳಿ ಎಂದು ಕೇಳಿಕೊಳ್ಳುತ್ತೇನೆ. ಈ ನೊಣಗಳಲ್ಲಿ ನಮ್ಮ ಕಣ್ಣಿಗೆ ತಟ್ಟನೆ ಬೀಳುವುದು ಗಂಡಿನ ಅಲಂಕಾರ. ಪಾದದ ಕೊನೆಯ ಗೆಣ್ಣುಗಳು ಕಪ್ಪಾಗಿ ಚಪ್ಪಟೆಯಾಗಿರುವುದು, ಮೊಣಗಾಲಿನಲ್ಲಿ ವಿಚಿತ್ರ ಕೂದಲಿನ ಗೊಂಚಲು, ರೆಕ್ಕೆಯ ತುದಿಯಲ್ಲಿ ಬಿಳಿ ಅಥವಾ ಕಪ್ಪು ಚುಕ್ಕೆ, ತುದಿಯಲ್ಲಿ ಬಾವುಟ ಹೊತ್ತ ಕುಡಿಮೀಸೆ. ಗಂಡು ಹೆಣ್ಣಿನೆದುರು ಕಾಲೆತ್ತಿ, ರೆಕ್ಕೆ ಬಡಿದು ಇವನ್ನೆಲ್ಲ ಪ್ರದರ್ಶಿಸುತ್ತದೆ. ಹೆಣ್ಣು ತನ್ನ ಪ್ರಭೇದದ ಗಂಡನ್ನು ಇವುಗಳಿಂದ ಗುರುತಿಸುತ್ತದೆ. ಹೆಣ್ಣಿನ ಆಯ್ಕೆಗೆ ಒಳಪಟ್ಟಿರುವುದರಿಂದ ಇವು ಬಹಳ ಬೇಗ ಬದಲಾಗುತ್ತವೆ. ಒಡಹುಟ್ಟಿದಂಥ ಎರಡು ಪ್ರಭೇದಗಳಲ್ಲಿ ಇವು ಬೇರೆ ಬೇರೆ ಇರಬಹುದು, ದೂರದ ಎರಡು ಉಪಕುಟುಂಬಗಳಲ್ಲಿ ಒಂದೇ ತರಹದ ಅಲಂಕಾರ ಹುಟ್ಟಿರಬಹುದು. ಆದ್ದರಿಂದ ಪ್ರಭೇದ ಹೇಳಬೇಕಾದಾಗ ಇವು ಚಿನ್ನ, ಉಪಕುಟುಂಬ ಹೇಳಬೇಕಾದಾಗ ದಾರಿ ತಪ್ಪಿಸುತ್ತವೆ. ಉಪಕುಟುಂಬದ ಗುರುತುಗಳು ಪ್ರದರ್ಶನಕ್ಕೆ ಬಾರದ ಜಾಗಗಳಲ್ಲಿವೆ: ರೆಕ್ಕೆಯ ನಾಳ, ನೆತ್ತಿ, ಕುಡಿಮೀಸೆಯ ಮೊದಲ ಗೆಣ್ಣು, ತೊಡೆಯ ತುದಿಯ ಬಳಿ ಒಂದು ಬಿರುಗೂದಲು, ಎದೆಯ ಹಿಂಭಾಗದ ಆಕಾರ. ಇವುಗಳಲ್ಲಿ ಹೆಚ್ಚಿನವು ಗಂಡು ಹೆಣ್ಣು ಎರಡರಲ್ಲೂ ಒಂದೇ ತರಹ ಇರುತ್ತವೆ. ಚಿತ್ರದಲ್ಲಿ ಸಿಕ್ಕಿದ್ದು ಹೆಣ್ಣಾದರೂ ಕೆಲಸ ನಿಲ್ಲುವುದಿಲ್ಲ.

ಉಪಕುಟುಂಬಕ್ಕೆ ಇಳಿಯುವ ಮುಂಚೆ ಕುಟುಂಬ ಸರಿಯಿದೆಯೇ ಎಂದು ಒಮ್ಮೆ ಖಚಿತ ಮಾಡಿಕೊಳ್ಳಿ, ಯಾಕೆಂದರೆ ಸೈನಿಕ ನೊಣಗಳಲ್ಲೂ ಚಿಕ್ಕ ಹಸಿರು ಹೊಳಪಿನವು ಇವೆ. ಉದ್ದಗಾಲಿನ ನೊಣದ ರೆಕ್ಕೆಯಲ್ಲಿ ಅಡ್ಡನಾಳಗಳು ಬಹಳ ಕಡಿಮೆ. ಬುಡದ ಕಡೆ ಇರಬೇಕಾದ ಒಂದು ಅಡ್ಡನಾಳ ಇಲ್ಲದೆ ಎರಡು ಕೋಶಗಳು ಸೇರಿ ಒಂದೇ ಉದ್ದ ಕೋಶವಾಗಿರುತ್ತದೆ. ಅದರ ಹೊರಗಡಿಯಲ್ಲಿ ಒಂದು ಅಡ್ಡನಾಳ ಎದ್ದು ಕಾಣುತ್ತದೆ. ಗಂಡಾದರೆ ಹೊಟ್ಟೆಯ ತುದಿಯ ಜನನಾಂಗ ಮುಂದಕ್ಕೆ ಮಡಚಿ ಹೊಟ್ಟೆಯಡಿ ಸೇರಿಕೊಂಡಿರುತ್ತದೆ. ನಿಮ್ಮ ನಾಲ್ಕೂ ನೊಣಗಳು ಈ ಪರೀಕ್ಷೆಯಲ್ಲಿ ಪಾಸು.

ಈಗ ಮೊದಲ ಚಿತ್ರ. ರೆಕ್ಕೆಯ ನಡುವೆ ಹಾದುಹೋಗುವ ನಾಳಕ್ಕೆ ನಾವು ಎಂ ನಾಳ ಎನ್ನುತ್ತೇವೆ. ಹೊರಗಿನ ಅಡ್ಡನಾಳ ದಾಟಿದ ಮೇಲೆ ಅದು ಏನು ಮಾಡುತ್ತದೆ ಎಂದು ನೋಡುವುದೇ ಈ ಕುಟುಂಬದಲ್ಲಿ ನನ್ನ ಮೊದಲ ಹೆಜ್ಜೆ. ಸಯಾಪೋಡಿನೇಯಲ್ಲಿ ಅದು ಕವಲೊಡೆಯುತ್ತದೆ. ಮೇಲಿನ ಕವಲು, ಹೆಬ್ಬಾಳದಲ್ಲಿ ಮುಖ್ಯರಸ್ತೆಯಿಂದ ಫ್ಲೈಓವರ್ ಎದ್ದು ತಿರುಗುವ ಹಾಗೆ, ಜೋರಾಗಿ ಮುಂದಕ್ಕೆ ಬಾಗಿ, ಮೇಲಿನ ನಾಳದ ಹತ್ತಿರಕ್ಕೆ ಹೋಗಿ, ರೆಕ್ಕೆಯ ತುದಿಯ ಬಳಿ ಅಂಚು ಮುಟ್ಟುತ್ತದೆ. ಕೆಳಗಿನ ಕವಲು ನೇರವಾಗಿ ಸಾಗುತ್ತದೆ. ಎಷ್ಟೋ ಸಲ ಅದು ಮಸುಕಾಗಿ, ಬರೀ ಮಡಿಕೆಯ ಗೆರೆಯಾಗಿ ಉಳಿದಿರುತ್ತದೆ. ನಿಮ್ಮ ಚಿತ್ರದಲ್ಲಿ ಕಂದು ಪಟ್ಟೆಯ ಒಳಗೇ ಈ ಕವಲು ಹಾದುಹೋಗಿರುವುದರಿಂದ ಸುಲಭವಾಗಿ ಕಾಣುವುದಿಲ್ಲ. ಚಿತ್ರದ ಬೆಳಕು ಸ್ವಲ್ಪ ಹೆಚ್ಚಿಸಿ ನೋಡಿದರೆ ಗೆರೆ ಬಿಡಿಸಿ ಕಾಣುತ್ತದೆ. ಪಟ್ಟೆಗೆ ಮಾತ್ರ ಬೆಲೆ ಕೊಡಬೇಡಿ. ಪಟ್ಟೆ ಇರುವ ಸಯಾಪೋಡಿನೇಗಳೂ ಇವೆ, ರೆಕ್ಕೆ ಪೂರ್ತಿ ಪಾರದರ್ಶಕ ಇರುವವೂ ಇವೆ.

ಎರಡನೇ ಸಾಕ್ಷಿ ನೆತ್ತಿ. ಈ ನೊಣವನ್ನು ಎದುರಿನಿಂದ ನೋಡಿದರೆ ಎರಡು ದೊಡ್ಡ ಕಣ್ಣುಗಳ ನಡುವೆ ನೆತ್ತಿ ಆಳವಾಗಿ ಕುಸಿದಿರುತ್ತದೆ. ಆ ಗುಳಿಯ ನಡುವಿನಿಂದ ಮೂರು ಸರಳಗಣ್ಣುಗಳನ್ನು ಹೊತ್ತ ಸಣ್ಣ ದಿಬ್ಬ ಎದ್ದಿರುತ್ತದೆ. ನೆತ್ತಿ ಹೀಗೆ ಕುಸಿದಿರುವುದು ಸಯಾಪೋಡಿನೇಯ ದೊಡ್ಡ ಗುರುತು. ಇದು ಯಾಕೆ ಮುಖ್ಯ ಎಂದರೆ, ಮೆಸೊರ್‍ಹಾಗಾ ಎಂಬ ಕುಲದ ನೊಣಗಳು ಇದೇ ಉಪಕುಟುಂಬಕ್ಕೆ ಸೇರಿದ್ದರೂ ಅವುಗಳ ಎಂ ನಾಳ ಕವಲೊಡೆಯುವುದಿಲ್ಲ. ನಾಳವೊಂದನ್ನೇ ನಂಬಿದವರು ಅವನ್ನು ಬೇರೆಡೆ ಹಾಕಿಬಿಡುತ್ತಾರೆ. ನೆತ್ತಿ ನೋಡಿದವರಿಗೆ ಆ ತೊಂದರೆ ಇಲ್ಲ. ನಿಮ್ಮ ಚಿತ್ರ ಮೇಲಿನಿಂದ ತೆಗೆದದ್ದು, ಆದರೂ ಕಣ್ಣುಗಳ ನಡುವಿನ ನೆರಳು ಮತ್ತು ಅದರ ಮಧ್ಯದ ದಿಬ್ಬ ಎರಡೂ ಸ್ಪಷ್ಟ ಇವೆ. ಹಾಗಾಗಿ ಸಯಾಪೋಡಿನೇ ಎಂದು ನಿಶ್ಚಿಂತೆಯಿಂದ ಬರೆಯಿರಿ.

ಕುಲ ಯಾವುದು ಎಂದು ಕೇಳುತ್ತೀರಿ ಎಂದು ಗೊತ್ತು. ಕ್ರೈಸೊಸೋಮಾ, ಆಂಬ್ಲಿಪ್ಸಿಲೋಪಸ್, ಪ್ಲಾಜಿಯೊಝೊಪೆಲ್ಮಾ, ಕಾಂಡಿಲೊಸ್ಟೈಲಸ್, ಇವು ನಮ್ಮ ಕಡೆಯ ಉಷ್ಣವಲಯದಲ್ಲಿ ಎದುರಾಗುವ ಹೆಸರುಗಳು. ಕ್ರೈಸೊಸೋಮಾದಲ್ಲಿ ಕುಡಿಮೀಸೆಯ ಮೂರನೇ ಗೆಣ್ಣು ನೀಳವಾಗಿದ್ದು ಅದರ ತುದಿಯಿಂದಲೇ ಅರಿಸ್ಟಾ ಎಂಬ ತೆಳು ಕೂದಲು ಹೊರಡುತ್ತದೆ. ಕಾಂಡಿಲೊಸ್ಟೈಲಸ್‌ನಲ್ಲಿ ಬೆನ್ನಿನ ಕಡೆಯಿಂದ ಹೊರಡುತ್ತದೆ. ಪ್ಲಾಜಿಯೊಝೊಪೆಲ್ಮಾದಲ್ಲಿ ಮೊದಲ ಗೆಣ್ಣು ಉಬ್ಬಿರುತ್ತದೆ. ನಿಮ್ಮ ಚಿತ್ರದಲ್ಲಿ ಕುಡಿಮೀಸೆ ಫೋಕಸ್ ತಪ್ಪಿದೆ, ಇಲ್ಲಿಗೆ ನಿಲ್ಲಿಸುವುದೇ ಸರಿ. 1994ರಲ್ಲಿ ಆಸ್ಟ್ರೇಲಿಯನ್ ಮ್ಯೂಸಿಯಮ್ಮಿನ ಡೇನಿಯಲ್ ಬಿಕೆಲ್ ಆಸ್ಟ್ರೇಲಿಯಾದ ಸಯಾಪೋಡಿನೇ ಬಗ್ಗೆ ದೊಡ್ಡ ಪ್ರಬಂಧ ಬರೆದರು. ಅದರಲ್ಲಿ ನಮ್ಮ ಓರಿಯೆಂಟಲ್ ವಲಯದ, ಅಂದರೆ ಭಾರತ ಮತ್ತು ಆಗ್ನೇಯ ಏಷ್ಯಾ ಸೇರಿದ ಪ್ರಾಣಿವಲಯದ, ಕುಲಗಳ ವಿಮರ್ಶೆಯೂ ಇದೆ. ಕುಲದ ಮಟ್ಟಕ್ಕೆ ಹೋಗಬೇಕೆಂದಿದ್ದರೆ ಯುರೋಪಿನ ಕೀ ಬದಿಗಿಟ್ಟು ಅದನ್ನು ಓದಲು ಶುರುಮಾಡಿ.

ಎರಡನೇ ಚಿತ್ರ ನನಗೆ ನಾಲ್ಕರಲ್ಲಿ ಹೆಚ್ಚು ಇಷ್ಟವಾಯಿತು, ಯಾಕೆಂದರೆ ಈ ನೊಣ ಎಲ್ಲರಿಗೂ ಹೀಗೇ ಮಾಡುತ್ತದೆ. ಎಂ ನಾಳ ಇಲ್ಲೂ ಜೋರಾಗಿ ಬಾಗಿದೆ, ಬಾಗಿದ ಮೂಲೆಯಿಂದ ಒಂದು ತುಂಡು ನಾಳ ಹೊರಟಿದೆ. ಅದನ್ನು ಕವಲು ಎಂದುಕೊಂಡರೆ ಯಾರಾದರೂ ಸಯಾಪೋಡಿನೇ ಎಂದುಬಿಡುತ್ತಾರೆ. ಬಾಗಿನ ಆಕಾರ ಗಮನಿಸಿ. ಮೊದಲ ನೊಣದಲ್ಲಿ ಅದು ದೊಡ್ಡ ತಿರುವು. ಇಲ್ಲಿ ನಾಳ ಮೂಲೆ ಮುರಿದು ಮೇಲೆ ಹೋಗಿ ಮತ್ತೆ ಮೂಲೆ ಮುರಿದು ಹೊರಟಿದೆ, ಮಧ್ಯದ ತುಂಡು ನಾಳ ಮೊಂಡು. ಇದು ಲಿಚ್ಟ್‌ವಾರ್ಡ್ಟಿಯಾ ಕುಲದ ರೆಕ್ಕೆ. 1824ರಲ್ಲೇ ಜರ್ಮನಿಯ ಕೀಟತಜ್ಞ ವೀಡೆಮನ್ ಈ ಗುಂಪಿನ ಒಂದು ಪ್ರಭೇದವನ್ನು ವರ್ಣಿಸಿ ಅದಕ್ಕೆ ಝಿಗ್‌ಝಾಗ್ ಎಂಬರ್ಥದ ಹೆಸರಿಟ್ಟ. ಈ ಕುಲ ಆಫ್ರಿಕಾದಿಂದ ಆಸ್ಟ್ರೇಲಿಯಾದ ಕಡೆಯವರೆಗೆ ಹಳೆಯ ಜಗತ್ತಿನ ಉಷ್ಣವಲಯದಲ್ಲಿ ಹರಡಿದೆ. ಸೇರುವುದು ಡಾಲಿಕೋಪೋಡಿನೇ ಉಪಕುಟುಂಬಕ್ಕೆ.

ಮೂರು ಜಾಗ ನೋಡಿ ಇದನ್ನು ಖಚಿತಪಡಿಸಿಕೊಳ್ಳಬಹುದು. ಒಂದು, ನೆತ್ತಿ. ಇದರ ನೆತ್ತಿಯಲ್ಲಿ ಸಯಾಪೋಡಿನೇಯ ಆಳದ ಗುಳಿ ಇಲ್ಲ. ಎರಡು, ಕುಡಿಮೀಸೆಯ ಮೊದಲ ಗೆಣ್ಣಿನ ಮೇಲ್ಭಾಗ. ಡಾಲಿಕೋಪೋಡಿನೇಯ ಹೆಚ್ಚಿನ ನೊಣಗಳಲ್ಲಿ ಅಲ್ಲಿ ಸಣ್ಣ ಕೂದಲುಗಳಿರುತ್ತವೆ, ಬೇರೆ ಬಹುತೇಕ ಉಪಕುಟುಂಬಗಳಲ್ಲಿ ಆ ಗೆಣ್ಣು ಬೋಳು. ನನ್ನ ಅಭಿಪ್ರಾಯದಲ್ಲಿ ಇಡೀ ಕುಟುಂಬದಲ್ಲಿ ಇಷ್ಟು ಚಿಕ್ಕದಾಗಿದ್ದು ಇಷ್ಟು ಉಪಯೋಗಕ್ಕೆ ಬರುವ ಲಕ್ಷಣ ಇನ್ನೊಂದಿಲ್ಲ. ಇದನ್ನು ಹಿಡಿಯಲು ಮ್ಯಾಕ್ರೋ ಲೆನ್ಸ್ ಬೇಕು, ಪಕ್ಕದಿಂದ ಬೆಳಕು ಬೀಳಬೇಕು. ಮೂರು, ನಡುಗಾಲು ಮತ್ತು ಹಿಂಗಾಲಿನ ತೊಡೆ. ತುದಿಗೆ ಸ್ವಲ್ಪ ಮುಂಚೆ, ಮುಂಬದಿಯಲ್ಲಿ ಒಂದು ಗಟ್ಟಿ ಬಿರುಗೂದಲು ಸೆಟೆದು ನಿಂತಿರುತ್ತದೆ. ನಿಮ್ಮ ಚಿತ್ರದಲ್ಲಿ ಹಿಂಗಾಲಿನದು ಚೆನ್ನಾಗಿ ಕಾಣುತ್ತದೆ. ಇದರ ಜೊತೆಗೆ ಗಂಡಿನ ಜನನಾಂಗ ದೊಡ್ಡದು, ತೊಟ್ಟಿನ ಮೇಲೆ ನಿಂತಂತೆ ಹೊಟ್ಟೆಯಿಂದ ಬಿಡಿಸಿಕೊಂಡಿರುತ್ತದೆ, ತುದಿಯಲ್ಲಿ ಅಂಚಿಗೆ ಕೂದಲಿರುವ ಅಗಲ ಎಸಳುಗಳು. ಮೂರನೇ ಚಿತ್ರದ ಗುಂಪಿನ ಮೆಡೆಟೆರಾ ಕುಲದಲ್ಲೂ ಜನನಾಂಗ ದೊಡ್ಡದೇ ಆದ್ದರಿಂದ ಈ ಕೊನೆಯ ಲಕ್ಷಣವನ್ನು ಒಂಟಿಯಾಗಿ ಬಳಸಬೇಡಿ.

ಮೂರನೇ ಚಿತ್ರದಲ್ಲಿ ನನಗೆ ಮೊದಲು ಸಿಕ್ಕ ಸುಳಿವು ನೊಣವಲ್ಲ, ಅದು ಕೂತ ಭಂಗಿ. ಕಾಂಡದ ಮೇಲೆ ತಲೆ ಮೇಲೆ ಮಾಡಿ, ಮುಂಗಾಲು ಊರಿ ಎದೆಯನ್ನು ತೊಗಟೆಯಿಂದ ದೂರ ಎತ್ತಿ ನಿಂತಿದೆ. ಮೆಡೆಟೆರಾ ಕುಲದವು ಹೀಗೆಯೇ ನಿಲ್ಲುತ್ತವೆ. ಇವುಗಳ ಮರಿಹುಳುಗಳು ತೊಗಟೆಯಡಿ ಬದುಕಿ ತೊಗಟೆ ದುಂಬಿಗಳ ಮರಿಗಳನ್ನು ತಿನ್ನುತ್ತವೆ, ಆದ್ದರಿಂದ ಅರಣ್ಯ ಕೀಟಶಾಸ್ತ್ರದವರಿಗೆ ಇವು ಹಳೆಯ ಪರಿಚಯ. ಮೈಬಣ್ಣ ಬೂದಿ ಉದುರಿಸಿದ ಹಾಗೆ ಮಸುಕು, ಒಳಗಿನಿಂದ ಮಾತ್ರ ಹಸಿರು ಹೊಳಪು. ಬಾಯಿಭಾಗ ದಪ್ಪ, ಗಟ್ಟಿ. ಎಂ ನಾಳ ಕವಲಿಲ್ಲದೆ, ತುದಿಗೆ ಹೋಗುತ್ತಾ ಮೇಲಿನ ನಾಳದ ಕಡೆ ವಾಲಿಕೊಳ್ಳುತ್ತದೆ. ತೊಡೆಯ ತುದಿಯ ಆ ಬಿರುಗೂದಲು ಇಲ್ಲ. ಖಚಿತಪಡಿಸಲು ಬೇಕಾದದ್ದು ಎದೆಯ ಹಿಂಭಾಗ: ಸ್ಕ್ಯುಟೆಲಮ್ಮಿನ (ಬೆನ್ನಿನ ಹಿಂತುದಿಯ ಚಿಕ್ಕ ಫಲಕದ) ಮುಂದೆ ಬೆನ್ನು ಚಪ್ಪಟೆಯಾಗಿ ತಗ್ಗಿರಬೇಕು. ಅದು ಪಕ್ಕದಿಂದ ತೆಗೆದ ಚಿತ್ರದಲ್ಲಷ್ಟೇ ಕಾಣುತ್ತದೆ, ನಿಮ್ಮದು ಮೇಲಿನಿಂದ ತೆಗೆದದ್ದು.

ಕಾಂಡದ ಮೇಲೆ ಇನ್ನೊಂದು ಗುಂಪೂ ಕೂರುತ್ತದೆ, ನ್ಯೂರಿಗೋನಿನೇ. ಅವುಗಳಿಗೂ ಬೆನ್ನಿನ ಹಿಂಭಾಗ ಚಪ್ಪಟೆ. ಆದರೆ ಸಾಮಾನ್ಯವಾಗಿ ಅವು ಹಳದಿ ಮೈಯವು, ಹೊಟ್ಟೆ ನೀಳ, ಕಾಲು ಇನ್ನೂ ಸಪೂರ ಮತ್ತು ಉದ್ದ. ನಿಮ್ಮ ನೊಣ ಬೂದು ಬಣ್ಣದ್ದು, ಗಿಡ್ಡ ಹೊಟ್ಟೆಯದು. ಹಾಗಾಗಿ ಮೆಡೆಟೆರಿನೇ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಡಿ.

ಮೆಡೆಟೆರಿನೇಯಲ್ಲೇ ಇರುವ ಥ್ರಿಪ್ಟಿಕಸ್ ಕುಲದ ವಿಷಯ ಹೇಳದೆ ಮುಂದೆ ಹೋಗಲಾರೆ. ಬೇಟೆಯಾಡಿ ಬದುಕುವ ಈ ಕುಟುಂಬದಲ್ಲಿ ಇವುಗಳ ಮರಿಗಳು ಗಿಡದ ಒಳಗೆ ಸುರಂಗ ಕೊರೆದು ಗಿಡವನ್ನೇ ತಿಂದು ಬದುಕುತ್ತವೆ. ದಕ್ಷಿಣ ಅಮೆರಿಕದಲ್ಲಿ ಇವುಗಳ ಕೆಲವು ಪ್ರಭೇದಗಳು ವಾಟರ್ ಹಯಸಿಂತ್‌ನ, ಅಂದರೆ ನಮ್ಮ ಬೆಂಗಳೂರಿನ ಕೆರೆಗಳನ್ನು ಮುಚ್ಚಿರುವ ಅದೇ ನೀರುಕಳೆಯ, ಎಲೆತೊಟ್ಟಿನಲ್ಲಿ ಬೆಳೆಯುತ್ತವೆ. ಆ ಕಳೆಯ ತವರೂ ದಕ್ಷಿಣ ಅಮೆರಿಕವೇ. ಅದನ್ನು ಹತೋಟಿಗೆ ತರಬಲ್ಲ ಕೀಟಗಳನ್ನು ಹುಡುಕುವವರು ಈ ನೊಣಗಳತ್ತ ಕಣ್ಣಿಟ್ಟಿದ್ದಾರೆ.

ನಾಲ್ಕನೆಯದು ಕೆಸರಿನ ನೊಣ. ಮುಖವನ್ನು ಎದುರಿನಿಂದ ತೆಗೆದಿದ್ದೀರಿ, ಬಹಳ ಉಪಕಾರವಾಯಿತು. ಎರಡು ಕಣ್ಣುಗಳ ನಡುವೆ ಮುಖ ಅಗಲವಾಗಿದೆ. ಹೈಡ್ರೋಫೊರಿನೇಯಲ್ಲಿ ಗಂಡಿಗೂ ಹೆಣ್ಣಿಗೂ ಮುಖ ಹೀಗೆ ಅಗಲ. ಬೇರೆ ಅನೇಕ ಗುಂಪುಗಳಲ್ಲಿ ಗಂಡಿನ ಮುಖ ಮೇಲಿನಿಂದ ಕೆಳಗೆ ಸಪೂರವಾಗುತ್ತದೆ. ಎಂ ನಾಳ ಕವಲಿಲ್ಲದೆ ಸರಳವಾಗಿ ಸಾಗಿದೆ, ಗಂಡಿನ ಜನನಾಂಗ ಚಿಕ್ಕದಾಗಿ ಹೊಟ್ಟೆಯ ತುದಿಯಲ್ಲಿ ಅಡಗಿದೆ. ಮ್ಯಾಂಗ್ರೋವ್ ಕೆಸರು ಎಂದ ಕೂಡಲೇ ನೆನಪಾಗುವುದು ಥಿನೊಫಿಲಸ್ ಕುಲ. ಸಿಂಗಪುರದ ಮ್ಯಾಂಗ್ರೋವ್‌ಗಳಲ್ಲಿ ಬೆಲ್ಜಿಯಮ್ಮಿನ ಪ್ಯಾಟ್ರಿಕ್ ಗ್ರೂಟೆರ್ಟ್ ಮತ್ತು ಜೊತೆಗಾರರು ಬಲೆ ಕಟ್ಟಿ ಹುಡುಕಿದಾಗ ಈ ಕುಲದಲ್ಲೇ ಹೊಸ ಪ್ರಭೇದಗಳು ಸಾಲುಸಾಲಾಗಿ ಸಿಕ್ಕವು. ಅಷ್ಟು ಚಿಕ್ಕ, ಅಷ್ಟು ಜನನಿಬಿಡ ನಾಡಿನ ಉಳಿದ ಕೆಸರಿನಲ್ಲೇ ಇಷ್ಟಿದ್ದರೆ ಅಂಡಮಾನಿನ ಕಾಂಡ್ಲಾ ಕಾಡುಗಳಲ್ಲಿ ಏನಿರಬಹುದು ಎಂದು ಯೋಚಿಸಿದಾಗ ನನಗೆ ನಿಜಕ್ಕೂ ಆಸೆಯಾಗುತ್ತದೆ.

ತೀರದಲ್ಲಿ ಕಂಡದ್ದೆಲ್ಲ ಹೈಡ್ರೋಫೊರಿನೇ ಎಂದುಕೊಳ್ಳಬೇಡಿ. ನೀರಂಚಿನಲ್ಲಿ ಓಡಾಡುವ ಟ್ಯಾಕಿಟ್ರೆಕಸ್ ಡಾಲಿಕೋಪೋಡಿನೇಗೆ ಸೇರಿದ್ದು, ಕುಡಿಮೀಸೆಯ ಕೂದಲು ಅದನ್ನು ಬಿಟ್ಟುಕೊಡುತ್ತದೆ. ಮರಳು ದಂಡೆಯ ಮೇಲೆ ಕಾಣುವ ಅಸಿಂಡೆಟಸ್ ಡಯಾಫೊರಿನೇಗೆ ಸೇರಿದ್ದು. ಅದರ ಎಂ ನಾಳ ಅಡ್ಡನಾಳದ ಆಚೆ ತುಂಡಾಗಿ, ಸ್ವಲ್ಪ ಸರಿದು ಮುಂದುವರಿಯುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಅಲೆ ಸಿಡಿಯುವ ಬಂಡೆಗಳ ಮೇಲೆ ಬದುಕುವ ಸೈಮಟೋಪಸ್‌ನಂಥವನ್ನು ಕೆಲವರು ಹೈಡ್ರೋಫೊರಿನೇಯಲ್ಲಿ ಇಡುತ್ತಾರೆ, ಕೆಲವರು ಅಫ್ರೊಸೈಲಿನೇ ಎಂಬ ಪ್ರತ್ಯೇಕ ಉಪಕುಟುಂಬದಲ್ಲಿ.

ಉಳಿದದ್ದು ಸಣ್ಣ ನೊಣಗಳ ಗುಂಪು. ಎರಡು ಮೂರು ಮಿಲಿಮೀಟರ್ ಉದ್ದದ ಹಸಿರು ನೊಣ ಸಿಕ್ಕರೆ, ನಾಳ ಸರಳ, ಮೊದಲ ಗೆಣ್ಣು ಬೋಳು, ಜನನಾಂಗ ಚಿಕ್ಕದು ಎಂದಾದರೆ, ಮೊದಲು ಡಯಾಫೊರಿನೇ ಅಂದುಕೊಳ್ಳಿ. ಕ್ರೈಸೊಟಸ್‌ನ ಹಲವು ಗಂಡುಗಳಲ್ಲಿ ಕಣ್ಣುಗಳು ಕುಡಿಮೀಸೆಯ ಕೆಳಗೆ, ಮುಖದ ಮೇಲೆ ಕೂಡುತ್ತವೆ. ಡಯಾಫೊರಸ್‌ನ ಹಲವು ಗಂಡುಗಳಲ್ಲಿ ಕುಡಿಮೀಸೆಯ ಮೇಲೆ ಕೂಡುತ್ತವೆ. ತೊಡೆಯ ತುದಿಯಲ್ಲಿ ಬಿರುಗೂದಲಿದ್ದು ಮೊದಲ ಗೆಣ್ಣು ಬೋಳಾಗಿದ್ದರೆ ಸಿಂಪಿಕ್ನಿನೇ ಇರಬಹುದು. ಪೆಲೊರೊಪಿಯೊಡಿನೇ ಎಂಬ ಇನ್ನೊಂದಿದೆ. ಅದರ ಗಡಿಯ ಬಗ್ಗೆ ಪರಿಣತರಲ್ಲೇ ಒಮ್ಮತವಿಲ್ಲದ ಕಾರಣ ಚಿತ್ರ ನೋಡಿ ಅದನ್ನು ಹೇಳಲು ಹೋಗುವುದು ಬೇಡ.

ಇನ್ನು ದ್ವೀಪದ ಪ್ರಶ್ನೆ. ನಿಮ್ಮ ಕೀ ಯಾಕೆ ಕೈಕೊಟ್ಟಿತು ಎಂಬುದಕ್ಕೆ ಎರಡು ಕಾರಣಗಳಿವೆ, ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು. ಯುರೋಪಿನ ಕೀ ಮಾಡಿದವರು ಅಲ್ಲಿರುವ ಕುಲಗಳನ್ನು ಬೇರ್ಪಡಿಸಿದರೆ ಸಾಕೆಂದು ಮಾಡಿದ್ದು. ಲಿಚ್ಟ್‌ವಾರ್ಡ್ಟಿಯಾ ಅಲ್ಲಿನ ಕಾಡಿನಲ್ಲಿ ಇಲ್ಲ, ಆದ್ದರಿಂದ ಆ ಕುಲವನ್ನು ಅವರ ಕೀ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅಂಡಮಾನ್ ನಿಕೋಬಾರ್ ಸಾಲು ಮ್ಯಾನ್ಮಾರಿನ ಅರಾಕಾನ್ ಬೆಟ್ಟಗಳ ಮುಂದುವರಿಕೆ. ಅಲ್ಲಿಯ ಜೀವಿಗಳಲ್ಲಿ ಆಗ್ನೇಯ ಏಷ್ಯಾದ ನೆಂಟಸ್ತಿಕೆ ಗಾಢ. ಹಾಗಾಗಿ ಅಲ್ಲಿನ ನೊಣ ನೋಡುವಾಗ ಸಿಂಗಪುರ, ಥಾಯ್ಲೆಂಡ್, ಇಂಡೋನೇಷ್ಯಾದ ಬರಹಗಳನ್ನು ತೆರೆಯಬೇಕು. 1922ರಲ್ಲಿ ಜರ್ಮನಿಯ ಥಿಯೊಡರ್ ಬೆಕರ್ ಇಂಡೋ-ಆಸ್ಟ್ರೇಲಿಯನ್ ವಲಯದ ಈ ಕುಟುಂಬದ ಬಗ್ಗೆ ಬರೆದದ್ದು ಇಂದಿಗೂ ಆರಂಭದ ಕಲ್ಲು. ಭಾಷೆ ಜರ್ಮನ್, ಕುಲದ ಹೆಸರುಗಳಲ್ಲಿ ಅನೇಕ ಈಗ ಬದಲಾಗಿವೆ, ಆದರೂ ಅದನ್ನು ದಾಟಿ ಹೋಗುವ ಹಾಗಿಲ್ಲ.

ಎರಡನೇ ಕಾರಣ ದೂರದ ಸಾಗರ ದ್ವೀಪಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹವಾಯಿ ದ್ವೀಪಗಳು ಎಂದೂ ಯಾವ ಖಂಡಕ್ಕೂ ಅಂಟಿಕೊಂಡಿರಲಿಲ್ಲ, ಹತ್ತಿರದ ಖಂಡ 3,000 ಕಿಲೋಮೀಟರಿಗೂ ದೂರ. ಅಲ್ಲಿಗೆ ಗಾಳಿಯಲ್ಲಿ ತೇಲಿಬಂದ ಕೆಲವೇ ನೊಣಗಳ ಸಂತತಿ, ಖಾಲಿ ಬಿದ್ದಿದ್ದ ಎಲ್ಲ ಜಾಗಗಳಿಗೂ ಹಬ್ಬಿಕೊಂಡಿತು. ಸಿಂಪಿಕ್ನಿನೇಯ ಕ್ಯಾಂಪ್ಸಿಕ್ನೆಮಸ್ ಕುಲ ಒಂದರಲ್ಲೇ ಅಲ್ಲಿ 150ಕ್ಕೂ ಹೆಚ್ಚು ಪ್ರಭೇದಗಳಿವೆ. ಯುರೋಪಿನಲ್ಲಿ ಈ ಕುಲವನ್ನು ಒದ್ದೆ ಕೆಸರಿನ ಬಳಿ ಹುಡುಕುತ್ತೇವೆ. ಹವಾಯಿಯಲ್ಲಿ ಕೆಲವು ನೀರಿನ ಮೇಲೆ ಜಾರುತ್ತವೆ, ಕೆಲವು ಕಾಡಿನ ಎಲೆಗಳ ಮೇಲಿವೆ, ಕೆಲವು ತರಗೆಲೆಯಡಿ ಓಡಾಡುತ್ತವೆ. ಇನ್ನು ಕೆಲವು ಹಾರುವುದನ್ನೇ ಬಿಟ್ಟಿವೆ. ರೆಕ್ಕೆ ಪಟ್ಟಿಯಷ್ಟಕ್ಕೆ ಕುಗ್ಗಿದ ಅಂಥ ನೊಣಗಳಿಗೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಎಂಪೆರಾಪ್ಟೆರಾ ಎಂಬ ಬೇರೆ ಕುಲವನ್ನೇ ಮಾಡಿದ್ದರು. ಡಿಎನ್ಎ ಓದಿದಾಗ ಅವು ಕ್ಯಾಂಪ್ಸಿಕ್ನೆಮಸ್‌ನ ಒಳಗಿಂದಲೇ ಹುಟ್ಟಿದ ಕವಲು ಎಂದು ತಿಳಿಯಿತು. ರೆಕ್ಕೆಯ ನಾಳ ನೋಡಿ ಎಂದು ನಾನು ಇಷ್ಟು ಹೊತ್ತು ಹೇಳಿದೆ. ರೆಕ್ಕೆಯೇ ಇಲ್ಲದ ನೊಣದ ಮುಂದೆ ಅದು ನಡೆಯುವುದಿಲ್ಲ. ಅಲ್ಲಿ ತೊಡೆಯ ಬಿರುಗೂದಲು, ಕುಡಿಮೀಸೆ, ಜನನಾಂಗಗಳೇ ಗತಿ.

ಅಲಂಕಾರದ ಬಗ್ಗೆ ಹೇಳಿದ್ದಕ್ಕೂ ಹವಾಯಿಯೇ ಒಳ್ಳೆಯ ಸಾಕ್ಷಿ. ಹೊನಲುಲುವಿನ ಬಿಷಪ್ ಮ್ಯೂಸಿಯಮ್ಮಿನ ನೀಲ್ ಎವೆನ್‌ಹೂಯಿಸ್ 1996ರಲ್ಲಿ ಒಂದು ಕ್ಯಾಂಪ್ಸಿಕ್ನೆಮಸ್ ಪ್ರಭೇದಕ್ಕೆ ಚಾರ್ಲಿ ಚಾಪ್ಲಿನ್ ಹೆಸರಿಟ್ಟರು, ಸತ್ತ ನೊಣದ ನಡುಗಾಲುಗಳು ಹೊರಬಾಗಿ ನಿಲ್ಲುವುದನ್ನು ನೋಡಿ. ಆ ಕಾಲು ಆ ಒಂದು ಪ್ರಭೇದದ ಸಹಿ. ಅದೇ ದ್ವೀಪದ ಪಕ್ಕದ ಪ್ರಭೇದಕ್ಕೆ ಕಾಲು ಬೇರೆ, ಉಪಕುಟುಂಬ ಮಾತ್ರ ಒಂದೇ.

ಉಪಕುಟುಂಬಗಳೇ ಎಷ್ಟು ಗಟ್ಟಿ ಎಂಬ ಸಂಶಯವೂ ನಿಮಗೆ ಬರಬಹುದು. ಒಟ್ಟು ಹದಿನೈದಕ್ಕೂ ಹೆಚ್ಚು ಹೆಸರುಗಳು ಬಳಕೆಯಲ್ಲಿವೆ. 2006ರಲ್ಲಿ ನೊಣ ತಜ್ಞರಾದ ಸಿಂಕ್ಲೇರ್ ಮತ್ತು ಕಮ್ಮಿಂಗ್ ಈ ಕುಟುಂಬ ಸೇರಿರುವ ಇಡೀ ಮೇಲ್ಕುಟುಂಬದ ವರ್ಗೀಕರಣವನ್ನು ಪರಿಶೀಲಿಸಿದಾಗ ಮೈಕ್ರೊಫೊರಿನೇ, ಪ್ಯಾರಾಥಲಾಸ್ಸಿನೇ ಎಂಬ ಎರಡು ಗುಂಪುಗಳು ಈ ಕುಟುಂಬದೊಳಗೆ ಬಂದವು. ಸಯಾಪೋಡಿನೇ ಮತ್ತು ಡಾಲಿಕೋಪೋಡಿನೇ ಗಟ್ಟಿ ಗುಂಪುಗಳು, ಅವುಗಳ ಹೆಸರನ್ನು ಧೈರ್ಯವಾಗಿ ಹೇಳಬಹುದು. ಹೈಡ್ರೋಫೊರಿನೇ, ಸಿಂಪಿಕ್ನಿನೇಗಳ ಗಡಿ ಇನ್ನೂ ಅಲುಗಾಡುತ್ತಿದೆ. ಅದಕ್ಕೇ ನನ್ನ ಸಲಹೆ ಇಷ್ಟು: ಹೆಸರಿನ ಜೊತೆಗೆ ಯಾವ ಲಕ್ಷಣ ನೋಡಿ ಹಾಗೆ ಹೇಳಿದಿರಿ ಎಂಬುದನ್ನೂ ಬರೆದಿಡಿ. "ಹೈಡ್ರೋಫೊರಿನೇ, ಮುಖ ಅಗಲ, ನಾಳ ಸರಳ, ಮ್ಯಾಂಗ್ರೋವ್ ಕೆಸರು" ಎಂದಿದ್ದರೆ ನಾಳೆ ವರ್ಗೀಕರಣ ಬದಲಾದರೂ ನಿಮ್ಮ ದಾಖಲೆ ಹಾಳಾಗುವುದಿಲ್ಲ.

ಮುಂದಿನ ಸಲ ಒಂದು ನೊಣಕ್ಕೆ ಮೂರು ಚಿತ್ರ ತೆಗೆಯಲು ವಿದ್ಯಾರ್ಥಿಗಳಿಗೆ ಹೇಳಿ: ಮೇಲಿನಿಂದ ರೆಕ್ಕೆ, ಪಕ್ಕದಿಂದ ಇಡೀ ಮೈ, ಎದುರಿನಿಂದ ಮುಖ. ಅಂಡಮಾನಿಗೆ ಹೋಗುವವರೆಗೆ ಕಾಯುವುದು ಬೇಡ. ಮಳೆಗಾಲ ಮುಗಿಯುತ್ತಿದ್ದಂತೆ ಲಾಲ್‌ಬಾಗಿನ ನೆರಳಿರುವ ಪೊದೆಗಳ ಅಗಲ ಎಲೆಗಳ ಮೇಲೆ, ಕಬ್ಬನ್ ಪಾರ್ಕಿನ ಹಳೆಯ ಮರಗಳ ಕಾಂಡದ ಮೇಲೆ, ಜಕ್ಕೂರು ಕೆರೆಯ ಒದ್ದೆ ಅಂಚಿನಲ್ಲಿ ಬೆಳಗಿನ ಹೊತ್ತು ಹುಡುಕಲಿ. ಎಲೆ, ಕಾಂಡ, ಕೆಸರು ಎಂಬ ಮೂರು ಜಾಗಗಳ ವ್ಯತ್ಯಾಸ ಕಣ್ಣಿಗೆ ಅಭ್ಯಾಸವಾಗಲು ನಮ್ಮ ಊರೇ ಸಾಕು. ಮನೆಯ ಮುಂದಿನ ದಾಸವಾಳದ ಎಲೆಯ ಮೇಲೆ ಮಿಂಚಿ ಮಾಯವಾಗುವ ಹಸಿರು ನೊಣವೂ ಬಹುಪಾಲು ಸಯಾಪೋಡಿನೇಯೇ. ಗಿಡಹೇನು, ನುಸಿಯಂಥ ಮೆದು ಮೈಯ ಜೀವಿಗಳನ್ನು ಹಿಡಿದು ತಿನ್ನುವ ಅದು ತೋಟಕ್ಕೆ ಉಪಕಾರಿ, ಔಷಧಿ ಸಿಂಪಡಿಸುವ ಮುಂಚೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮಾದರಿ ಹಿಡಿಯಬೇಕೆಂದಿದ್ದರೆ ಹಳದಿ ತಟ್ಟೆಯಲ್ಲಿ ಸೋಪು ಬೆರೆಸಿದ ನೀರಿಟ್ಟರೆ ನೆಲದ ಬಳಿ ಹಾರುವವು ಬೀಳುತ್ತವೆ. ಪೊದೆಗಳಲ್ಲಿರುವುದಕ್ಕೆ ಬೀಸುಬಲೆ ಬೇಕು. ಹಿಡಿದದ್ದನ್ನು 70 ಶೇಕಡಾ ಆಲ್ಕೋಹಾಲಿನಲ್ಲಿಡಿ. ಪಿನ್ನಿಗೆ ಚುಚ್ಚಿ ಒಣಗಿಸಿದರೆ ಸಣ್ಣವು ಮುದುಡಿ ಮುಖ, ನೆತ್ತಿ ಎರಡೂ ಕೆಡುತ್ತವೆ. ಅಂಡಮಾನಿನ ಸಂರಕ್ಷಿತ ಕಾಡುಗಳಲ್ಲಿ ನೊಣವೊಂದನ್ನು ಹಿಡಿಯುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು, ಕಾಲೇಜಿನ ಪ್ರವಾಸ ಎಂದರೆ ವಿನಾಯಿತಿ ಇಲ್ಲ. ಅರ್ಜಿ ಹಾಕುವ ಮುಂಚೆ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಅಂಡಮಾನ್ ಕೇಂದ್ರದವರ ಜೊತೆ ಮಾತಾಡಿ. ಇಲ್ಲೇ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ಕೀಟ ಸಂಗ್ರಹವಿದೆ. ಪತ್ರ ಬರೆದು ಅನುಮತಿ ಪಡೆದು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದರೆ ಹೆಸರು ಹಚ್ಚಿದ ಮಾದರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಅವಕಾಶ ಕೇಳಬಹುದು. ಕುಡಿಮೀಸೆಯ ಮೊದಲ ಗೆಣ್ಣಿನ ಕೂದಲನ್ನು ಅವರು ಅಲ್ಲಿ ಒಮ್ಮೆ ಕಣ್ಣಾರೆ ನೋಡಲಿ. ಮೂರನೇ ನೊಣವನ್ನು ಪಕ್ಕದಿಂದ ತೆಗೆದ ಚಿತ್ರ ಯಾರ ಫೋನಿನಲ್ಲಾದರೂ ಇದ್ದರೆ ಕಳಿಸಿಕೊಡಿ, ಆ ಪ್ರಶ್ನಾರ್ಥಕ ಚಿಹ್ನೆ ತೆಗೆಯಬಹುದೇ ನೋಡುತ್ತೇನೆ.